ಗಣಕಯಂತ್ರದ ಮೆಮೊರಿ ಹೆಚ್ಚಿಸುವುದು: ಖರೀದಿದಾರರಿಗೆ ಮಾಹಿತಿ

ಕೆಲವು ವರ್ಷ ಬಳಸಿದ ಗಣಕಯಂತ್ರವು ನಿಧಾನಗೊಂಡಾಗ ಹೊಸ ಯಂತ್ರ ಕೊಳ್ಳುವ ಬದಲು ಅದರ ಮೆಮೊರಿಯನ್ನು, ಅಂದರೆ ರ‍್ಯಾಮ್ ಅನ್ನು, ಹೆಚ್ಚಿಸಿಕೊಳ್ಳುವುದು ವಿದ್ಯಾರ್ಥಿಗಳಿಗೂ ಸಣ್ಣ ಸೇವಾ ಕೇಂದ್ರಗಳನ್ನು ನಡೆಸುವವರಿಗೂ ಮಿತವ್ಯಯದ ಮಾರ್ಗವಾಗಿದೆ. ಆದರೆ ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡ ರ‍್ಯಾಮ್ ಕೆಟ್ಟಲ್ಲಿ ಕೊಟ್ಟ ಹಣ ಹಾಗೂ ವಾರಂಟಿ ಎರಡೂ ಕೈತಪ್ಪುವ ಸಂಭವವಿರುತ್ತದೆ. ಖರೀದಿದಾರರು ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

ಖರೀದಿಗೆ ಮುನ್ನ

ಯಂತ್ರ ನಿಧಾನವಾಗಲು ಮೆಮೊರಿಯ ಕೊರತೆಯೇ ಕಾರಣವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗವನ್ನು ತೆರೆದಾಗ, ದಿನನಿತ್ಯದ ಕೆಲಸದ ವೇಳೆಯಲ್ಲಿ ಮೆಮೊರಿಯ ಬಹುಪಾಲು ಸದಾ ಬಳಕೆಯಲ್ಲಿದ್ದರೆ ರ‍್ಯಾಮ್ ಹೆಚ್ಚಿಸುವುದರಿಂದ ಪ್ರಯೋಜನವಿದೆ. ಅರ್ಧದಷ್ಟು ಮಾತ್ರ ಬಳಕೆಯಾಗುತ್ತಿದ್ದು, ಯಂತ್ರದಲ್ಲಿ ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಇದ್ದಲ್ಲಿ, ಅದೇ ಹಣವನ್ನು ಎಸ್‌ಎಸ್‌ಡಿಗೆ ವಿನಿಯೋಗಿಸುವುದು ಸೂಕ್ತ. ಯಂತ್ರದಲ್ಲಿ ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಭರ್ತಿಯಾಗಿವೆ ಎಂಬ ವಿವರವೂ ಸಾಮಾನ್ಯವಾಗಿ ಅದೇ ಪುಟದಲ್ಲಿ ದೊರೆಯುತ್ತದೆ.

ರ‍್ಯಾಮ್‌ನ ಪೀಳಿಗೆಗಳು ಒಂದಕ್ಕೊಂದು ಹೊಂದುವುದಿಲ್ಲ. ಮೇಜಿನ ಗಣಕಯಂತ್ರಗಳ ಡಿಡಿಆರ್3 ರ‍್ಯಾಮ್‌ಗೆ 240 ಪಿನ್‌ಗಳಿದ್ದರೆ, ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳಿವೆ. ಸಂಖ್ಯೆ ಒಂದೇ ಆದರೂ ಕಚ್ಚು ಇರುವ ಜಾಗ ಬೇರೆಯಾದ್ದರಿಂದ ಇವು ಪರಸ್ಪರ ಸ್ಲಾಟ್‌ಗಳಲ್ಲಿ ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಮದರ್‌ಬೋರ್ಡ್ ಹಾಳಾಗಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ರ‍್ಯಾಮ್ ಅಳತೆಯಲ್ಲಿ ಚಿಕ್ಕದು. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಬದಲಾಯಿಸಲು ಬರುವುದಿಲ್ಲ. ಸಂದೇಹವಿದ್ದಲ್ಲಿ ಹಳೆಯ ರ‍್ಯಾಮ್ ಅನ್ನೇ ಬಿಚ್ಚಿ ಅಂಗಡಿಗೆ ಒಯ್ಯುವುದು ಎಲ್ಲಕ್ಕಿಂತ ಸುಲಭದ ಉಪಾಯ.

ಎಲ್ಲಿ ಖರೀದಿಸಬಹುದು

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಜನರ ಮಾತಿನಲ್ಲಿ ಎಸ್.ಪಿ. ರೋಡ್, ರಾಜ್ಯದಲ್ಲಿ ಗಣಕಯಂತ್ರದ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆ. ಅಕ್ಕಪಕ್ಕದ ನಾಲ್ಕಾರು ಅಂಗಡಿಗಳಲ್ಲಿ ದರ ವಿಚಾರಿಸಲು ಅಲ್ಲಿ ಅವಕಾಶವಿದೆ. ಇಂತಹ ಮಾರುಕಟ್ಟೆಗಳಲ್ಲಿ ಒಂದೇ ವಸ್ತುವಿಗೆ ‘ಬಿಲ್ ಸಹಿತ’ ಹಾಗೂ ‘ಬಿಲ್ ರಹಿತ’ ಎಂದು ಎರಡು ದರ ಹೇಳುವುದುಂಟು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಶೇ. 18ರ ಸರಕು ಮತ್ತು ಸೇವಾ ತೆರಿಗೆ. ಆ ಹಣವನ್ನು ಉಳಿತಾಯವೆಂದು ಭಾವಿಸುವುದು ಸರಿಯಲ್ಲ. ಬಿಲ್ ಇಲ್ಲದೆ ವಾರಂಟಿಯನ್ನು ಸಾಧಿಸುವುದು ಬಹಳ ಕಷ್ಟ.

ಜಿಲ್ಲಾ ಕೇಂದ್ರದ ಅಂಗಡಿಯಲ್ಲಿ ದರ ಸ್ವಲ್ಪ ಹೆಚ್ಚಿರಬಹುದು. ಆದರೆ ದೋಷಪೂರಿತ ರ‍್ಯಾಮ್ ಬದಲಾಯಿಸಲು ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಹೋಗಿಬರುವ ಖರ್ಚನ್ನು ಲೆಕ್ಕಕ್ಕೆ ಹಿಡಿದರೆ ಸ್ಥಳೀಯ ಅಂಗಡಿಯೇ ಅಗ್ಗವಾದೀತು. ಆನ್‌ಲೈನ್‌ನಲ್ಲಿ ಕೊಳ್ಳುವವರು ಜಾಲತಾಣದ ಹೆಸರನ್ನಷ್ಟೇ ನೋಡದೆ, ಅದರಲ್ಲಿ ಮಾರುತ್ತಿರುವ ವ್ಯಾಪಾರಿ ಯಾರೆಂಬುದನ್ನು ಪರಿಶೀಲಿಸಬೇಕು. ಪೊಟ್ಟಣ ಬಿಚ್ಚುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಟ್ಟುಕೊಳ್ಳುವುದು ಒಳಿತು.

ಹಳೆಯ ಡಿಡಿಆರ್3 ಯಂತ್ರಗಳಿಗೆ ಬಳಸಿದ ರ‍್ಯಾಮ್ ಕೊಳ್ಳುವುದರಲ್ಲಿ ತಪ್ಪಿಲ್ಲ. ಕಚೇರಿಯ ಯಂತ್ರಗಳಿಂದ ತೆಗೆದ ಪರಿಚಿತ ತಯಾರಕರ ರ‍್ಯಾಮ್, ಹೆಸರೇ ಕೇಳಿರದ ಹೊಸ ರ‍್ಯಾಮ್‌ಗಿಂತ ನಂಬಿಕೆಗೆ ಅರ್ಹ. ಅಂಗಡಿಯವರು ನೀಡುವ ಭರವಸೆಯ ಅವಧಿಯನ್ನು ಬಾಯಿಮಾತಿಗೆ ಬಿಡದೆ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ದರದ ಬಗ್ಗೆ

ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂರು ಸಂಸ್ಥೆಗಳು ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುತ್ತವೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಬೇಡಿಕೆ ಹೆಚ್ಚಿದ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರ ತೀವ್ರವಾಗಿ ಏರಿತು. ‘ಕ್ರೂಶಿಯಲ್’ ಹೆಸರಿನ ಗ್ರಾಹಕ ಉತ್ಪನ್ನಗಳ ವ್ಯವಹಾರದಿಂದ ಹೊರಬರುವುದಾಗಿ ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಮಾರಾಟವಾದ ಉತ್ಪನ್ನಗಳ ವಾರಂಟಿ ಸೇವೆ ಮುಂದುವರಿಯುವುದೆಂದೂ ತಿಳಿಸಿತು. ಇಂತಹ ಕಾಲದಲ್ಲಿ ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆಗೆ ದೊರೆಯುವ ರ‍್ಯಾಮ್ ಬಗ್ಗೆ ಅನುಮಾನ ಪಡುವುದು ಸಹಜ. ನಕಲಿ ಚೀಟಿ ಅಂಟಿಸಿದ ಸರಕು ಸೇರಿಕೊಳ್ಳುವುದು ಸಾಮಾನ್ಯವಾಗಿ ಈ ದಾರಿಯಿಂದಲೇ.

ಬಿಲ್, ಪೊಟ್ಟಣ ಮತ್ತು ಪರೀಕ್ಷೆ

ಆಮದಾದ ರ‍್ಯಾಮ್‌ನ ಪೊಟ್ಟಣದ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಮೂಲ ದೇಶ ಹಾಗೂ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿತವಾಗಿರಬೇಕು. ಈ ಚೀಟಿಯೇ ಇಲ್ಲದ ಸರಕಿಗೆ ಭಾರತದಲ್ಲಿ ವಾರಂಟಿ ಸಿಗದೆ ಹೋಗಬಹುದು. ಬಿಲ್ಲಿನಲ್ಲಿ ಅಂಗಡಿಯ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಣಿಯಾದ ವ್ಯಾಪಾರಿಯದು 29ರಿಂದ ಆರಂಭವಾಗುತ್ತದೆ. ರ‍್ಯಾಮ್ ಮೇಲಿನ ಕ್ರಮಸಂಖ್ಯೆಯನ್ನೂ ಬಿಲ್ಲಿನಲ್ಲಿ ನಮೂದಿಸಲು ಕೋರಬೇಕು. ಹಲವು ತಯಾರಕರು ನೀಡುವ ‘ಜೀವಾವಧಿ ವಾರಂಟಿ’ ಎಂಬುದು ಖರೀದಿದಾರರ ಜೀವಾವಧಿಯಲ್ಲ. ಅದರ ಅರ್ಥವನ್ನು ಷರತ್ತುಗಳಲ್ಲಿ ಓದಿಕೊಳ್ಳಬೇಕು.

ಅಳವಡಿಸಿದ ದಿನವೇ ವಿಂಡೋಸ್‌ನಲ್ಲಿರುವ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಉಚಿತವಾಗಿ ದೊರೆಯುವ ಮೆಮ್‌ಟೆಸ್ಟ್86 ತಂತ್ರಾಂಶದಿಂದ ಪರೀಕ್ಷಿಸಬೇಕು. ಒಂದೇ ಒಂದು ದೋಷ ಕಂಡರೂ ಆ ರ‍್ಯಾಮ್ ಅನ್ನು ಬಳಸದೆ ಹಿಂದಿರುಗಿಸುವುದು ಸೂಕ್ತ. ದೋಷವುಳ್ಳ ಮೆಮೊರಿಯು ಕಡತಗಳನ್ನು ಸದ್ದಿಲ್ಲದೆ ಕೆಡಿಸಬಲ್ಲದು.

ದೂರು ಸಲ್ಲಿಸುವುದು

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಹಾಗೆಯೇ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಸೇವಾ ಕೇಂದ್ರ ನಡೆಸುವವರೂ ಈ ಅಧಿನಿಯಮದ ಅರ್ಥದಲ್ಲಿ ಗ್ರಾಹಕರೇ ಆಗಿರುತ್ತಾರೆ.

ಮೊದಲ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿಯೂ ಸೇವೆ ಲಭ್ಯವಿದೆ. ಆನ್‌ಲೈನ್ ಖರೀದಿಯಾಗಿದ್ದಲ್ಲಿ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು 48 ಗಂಟೆಗಳಲ್ಲಿ ಸ್ವೀಕೃತಿ ನೀಡಿ, ಒಂದು ತಿಂಗಳಲ್ಲಿ ಪರಿಹರಿಸಲು ಬದ್ಧರಾಗಿರುತ್ತಾರೆ. ಇಷ್ಟಾಗಿಯೂ ಪರಿಹಾರ ದೊರೆಯದಿದ್ದಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಖರೀದಿ ಬೇರೆ ಊರಿನಲ್ಲಿ ನಡೆದಿದ್ದರೂ, ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ, ಬಿಲ್ಲಿನ ಪ್ರತಿ, ರ‍್ಯಾಮ್‌ನ ಕ್ರಮಸಂಖ್ಯೆ ಕಾಣುವ ಛಾಯಾಚಿತ್ರ ಹಾಗೂ ಅಂಗಡಿಯೊಂದಿಗಿನ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಿ ದೂರು ದಾಖಲಿಸತಕ್ಕದ್ದು.