ಮನೆ ಕಟ್ಟುವ ಮೊದಲು ಹಾವಿನ ಲೆಕ್ಕ

ಬ್ರಿಟನ್ನಿನ ನೆಲದ ಸರೀಸೃಪಗಳು ಆರೇ ಜಾತಿ: 3 ಹಾವು, 3 ಹಲ್ಲಿ. 1981ರ ವನ್ಯಜೀವಿ ಕಾಯ್ದೆ ಅವುಗಳಲ್ಲಿ ಅಪರೂಪದ ಎರಡಕ್ಕೆ ಪೂರ್ಣ ರಕ್ಷಣೆ ಕೊಟ್ಟಿತು. ಉಳಿದ ನಾಲ್ಕನ್ನೂ ಕೊಲ್ಲಬಾರದು, ಗಾಯ ಮಾಡಬಾರದು ಎಂಬ ನಿಯಮ ಆಮೇಲೆ ಬಂತು.

ಆದರೆ ಜೆಸಿಬಿ ಓಡಿಸುವವನಿಗೆ ಹುಲ್ಲಿನೊಳಗಿನ ಹಾವು ಕಾಣುವುದಿಲ್ಲ. ಅದಕ್ಕೇ ಸರ್ವೆ ಬೇಕಾಯಿತು. ಬಯಲಲ್ಲಿ ತಗಡಿನ ಶೀಟು ಹಾಸುತ್ತಾರೆ. ಬಿಸಿಲಿಗೆ ಅದು ಕಾಯುತ್ತದೆ, ಮೈ ಬೆಚ್ಚಗೆ ಮಾಡಿಕೊಳ್ಳಲು ಹಾವು ಅಡಿಗೆ ಸೇರುತ್ತದೆ. ಸಾಮಾನ್ಯವಾಗಿ 7 ಸಲ ಹೋಗಿ, ಶೀಟು ಎತ್ತಿ ಎಣಿಸುತ್ತಾರೆ.

ಸಂರಕ್ಷಿತ ಜೀವಿ ಇದೆಯೇ ಎಂಬುದು ಕಟ್ಟಡದ ಪರವಾನಗಿಗೆ ಮೊದಲೇ ಗೊತ್ತಾಗಬೇಕು ಎಂದು 2005ರಲ್ಲಿ ಅಲ್ಲಿನ ಸರ್ಕಾರ ಇಂಗ್ಲೆಂಡಿಗೆ ಸುತ್ತೋಲೆ ಹೊರಡಿಸಿತು. ಹಾವು ಸಿಕ್ಕಿತೆಂದು ಮನೆ ನಿಲ್ಲಬೇಕಿಲ್ಲ. ಸಾಮಾನ್ಯ ಜಾತಿಯದಾದರೆ ಹಿಡಿದು ಬೇರೆಡೆ ಬಿಟ್ಟು ಕಟ್ಟಬಹುದು. ನಾವು ಗಮನಿಸಬೇಕಾದದ್ದು ಇಷ್ಟೇ: ಎಣಿಕೆ ಮೊದಲು, ಅಗೆತ ಆಮೇಲೆ.