ತಾಯಿಮರ ಮತ್ತು ಬೀಜಕಾಲ: ತುಳಸಿ ಗೌಡರ ಅರಣ್ಯಕಾಯಕ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ (1944–2024) ಹಾಲಕ್ಕಿ ಒಕ್ಕಲಿಗ ಸಮುದಾಯದವರು. ತಂದೆ ತೀರಿಕೊಂಡಾಗ ಅವರಿನ್ನೂ ಕೂಸು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಾಯಿಯ ಜೊತೆಗೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿಯಾಗಿಯೇ ದುಡಿದರು. ನೌಕರಿ ಕಾಯಂ ಆದದ್ದು ಆಮೇಲೆ. ನಿವೃತ್ತಿಯ ಬಳಿಕವೂ ಸಸಿ ಎಬ್ಬಿಸುವ ಕೆಲಸ ಬಿಡಲಿಲ್ಲ.

ಅವರು ನೆಟ್ಟ ಗಿಡಗಳ ಲೆಕ್ಕ ಬರಹದಿಂದ ಬರಹಕ್ಕೆ ಬೇರೆಯಾಗುತ್ತದೆ: ಒಂದು ಕಡೆ 30 ಸಾವಿರ, ಇನ್ನೊಂದು ಕಡೆ ಲಕ್ಷ. ಈ ಎಣಿಕೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ನೆಡುವುದು ಕೊನೆಯ ಕೆಲಸ. ಯಾವ ಮರದ ಬೀಜವನ್ನು ಯಾವಾಗ ಆರಿಸಬೇಕೆಂಬ ತಿಳಿವಳಿಕೆಯಲ್ಲಿತ್ತು ಅವರ ಹೆಚ್ಚುಗಾರಿಕೆ.

ನಾಡಜಾತಿಯ ಕಾಡನ್ನು ಮರಳಿ ಬೆಳೆಸುವಲ್ಲಿ ಮೊದಲ ತೊಡಕು ಬೀಜದ್ದೇ. ಸಾಗುವಾನಿಯ ಬೀಜಕ್ಕೆ ಗಟ್ಟಿ ಕವಚ. ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿದ ಮೇಲೆ ಮೊಳೆಯುತ್ತದೆ, ಕಾಪಿಡಲೂ ಬರುತ್ತದೆ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಮರಗಳಲ್ಲಿ ಹಲವಕ್ಕೆ ಈ ತಾಳ್ಮೆಯಿಲ್ಲ. ಧೂಪದ ಬೀಜ ಮುಂಗಾರಿನ ಸುಮಾರಿಗೆ ಉದುರುತ್ತದೆ, ತೇವ ಆರಿತೆಂದರೆ ಕೆಲವೇ ವಾರಗಳಲ್ಲಿ ಸಾಯುತ್ತದೆ. ರಾಮಪತ್ರೆಯ ಬೀಜವೂ ಒಣಗಿದರೆ ಕೆಟ್ಟಿತು. ಗೋದಾಮಿನಲ್ಲಿಟ್ಟು ಟೆಂಡರು ಕರೆಯುವ ವ್ಯವಹಾರವಲ್ಲ ಇದು. ಹಣ್ಣಾಗುವ ಹೊತ್ತಿಗೆ ಸರಿಯಾಗಿ ಆ ಮರದ ಬುಡದಲ್ಲಿರಬೇಕು. ಒಂದೇ ಜಾತಿಯ ಹತ್ತಾರು ಮರಗಳ ನಡುವೆ ಒಳ್ಳೆಯ ಬೀಜ ಕೊಡುವ ತಾಯಿಮರ ಯಾವುದೆಂದು ತುಳಸಿ ಗೌಡ ಗುರುತಿಸುತ್ತಿದ್ದರು, ಬೀಜವನ್ನು ಅದರಿಂದಲೇ ಆರಿಸುತ್ತಿದ್ದರು. ಬೀಜಕ್ಕಾಗಿ ಅತ್ಯುತ್ತಮ ಮರವನ್ನು ಆರಿಸುವ ಅರಣ್ಯಶಾಸ್ತ್ರದ ‘ಪ್ಲಸ್ ಟ್ರೀ’ ಆಯ್ಕೆ ಇದಕ್ಕೆ ಹತ್ತಿರದ್ದು. ಶಾಸ್ತ್ರದ ಆಯ್ಕೆಗೆ ಅಳತೆಪಟ್ಟಿ ಬೇಕು, ತುಳಸಿ ಗೌಡರದಕ್ಕೆ ವರ್ಷವರ್ಷವೂ ಅದೇ ಕಾಡು ತಿರುಗಿದ ಕಾಲು.

ಅವರು ನರ್ಸರಿಯಲ್ಲಿ ದುಡಿಯುತ್ತಿದ್ದ ಅವಧಿಯಲ್ಲೇ, 1980ರ ದಶಕದಿಂದೀಚೆಗೆ, ಜಿಲ್ಲೆಯ ಬೋಳುಗುಡ್ಡಗಳಿಗೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಹಬ್ಬಿತು. ಅದರ ಬೀಜ ವರ್ಷಗಟ್ಟಲೆ ಉಳಿಯುತ್ತದೆ, ದನ ಮುಟ್ಟುವುದಿಲ್ಲ, ಬೇಗ ಹಸಿರು ಕಾಣಿಸುತ್ತದೆ. ಬೆಂಗಳೂರಿನ ಅರಣ್ಯ ಭವನದ ಕಡತಗಳಿಗೆ ಒಗ್ಗುವುದು ಇಂಥ ಮರವೇ. ಸರ್ಕಾರಿ ನರ್ಸರಿಯ ಕೂಲಿಯಾಳಿಗೆ ಮರದ ಜಾತಿಯ ಆಯ್ಕೆ ಇರುವುದಿಲ್ಲ ಎಂಬುದನ್ನೂ ಮರೆಯಬಾರದು. ತುಳಸಿ ಗೌಡರಂಥವರ ತಿಳಿವಳಿಕೆ ಇಲಾಖೆಯ ಒಳಗೇ ಇದ್ದರೂ ಅದು ಇಲಾಖೆಯ ಪದ್ಧತಿಯಾಗಲಿಲ್ಲ. ಅದನ್ನು ಕಂಡು ಗೌರವಿಸಿದ ಕೆಲವೇ ಅಧಿಕಾರಿಗಳಲ್ಲಿ ಎ.ಎನ್. ಯಲ್ಲಪ್ಪ ರೆಡ್ಡಿ ಒಬ್ಬರು.

1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. 2020ರ ಸಾಲಿನ ಪದ್ಮಶ್ರೀಯನ್ನು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಗಳಿಂದ ಸ್ವೀಕರಿಸಿದಾಗ ಅವರು ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಲ್ಲಿದ್ದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಅಕ್ಷರ ಬಾರದ ಕಾರಣ ತಾಯಿಮರಗಳ ಪಟ್ಟಿಯನ್ನು ಅವರು ಬರೆದಿಡಲಿಲ್ಲ. ಕರಾವಳಿಯ ನರ್ಸರಿಗಳಲ್ಲಿ ದುಡಿದ ಹಿರಿಯ ಹೆಂಗಸರನ್ನು ಕೇಳಿ, ಯಾವ ಮರದ ಬೀಜ ಯಾವ ಮಳೆಗೆ ಎಂಬುದನ್ನು ಈಗಲಾದರೂ ಬರೆದುಕೊಳ್ಳಬೇಕು. ಈ ಕೆಲಸ ಮಾಡಬಹುದಾದ ಶಿರಸಿಯ ಅರಣ್ಯ ಮಹಾವಿದ್ಯಾಲಯ ಅಂಕೋಲೆಯಿಂದ ದೂರವೇನಿಲ್ಲ.