ಕರೋಡಗಿರಿ ನಾಕಾ ದಾಟಿದರೆ ಕಾಲೇಜು

1930ರ ದಶಕದಲ್ಲಿ ಕೊಪ್ಪಳದ ರೈಲು ನಿಲ್ದಾಣಕ್ಕೆ ಟ್ರಂಕು ಹೊತ್ತು ಬಂದ ಹುಡುಗನಿಗೆ ಎರಡೂ ದಿಕ್ಕಿನ ಗಾಡಿಗಳು ಪರರಾಜ್ಯಕ್ಕೇ ಹೋಗುತ್ತಿದ್ದವು. ಪಡುವಣಕ್ಕೆ ಹೊರಟರೆ ಹರ್ಲಾಪುರ, ಗದಗ. ಅದು ಮುಂಬಯಿ ಪ್ರಾಂತ. ಮೂಡಣಕ್ಕೆ ಹೊರಟು ತುಂಗಭದ್ರೆಯ ಸೇತುವೆ ದಾಟಿದರೆ ಹೊಸಪೇಟೆ. ಅದು ಮದ್ರಾಸ್ ಪ್ರಾಂತ. ತನ್ನದೇ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿಗೆ ರೈಲಿನಲ್ಲಿ ಹೋಗಬೇಕೆಂದರೂ ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳ ಮೇಲೆ ಇಂಗ್ಲಿಷರ ಸೀಮೆಯನ್ನು ಸುತ್ತಿಕೊಂಡು, ರಾಯಚೂರಿನಲ್ಲಿ ಮತ್ತೆ ನಿಜಾಮರ ನೆಲ ಮೆಟ್ಟಿ, ವಾಡಿಯಲ್ಲಿ ಗಾಡಿ ಬದಲಿಸಬೇಕಾಗಿತ್ತು. ಕಾಲೇಜು ಓದುವ ಆಸೆ ಇದ್ದವನು ಈ ಎರಡು ಗಾಡಿಗಳಲ್ಲಿ ಒಂದನ್ನು ಹತ್ತಲೇಬೇಕು. ಊರಲ್ಲಿ ಉಳಿದು ಪದವಿ ಪಡೆಯುವ ದಾರಿಯೇ ಇರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಅಂದು ಹೈದರಾಬಾದ್ ಸಂಸ್ಥಾನದ ನೈಋತ್ಯ ಅಂಚು. ಗಂಗಾವತಿ, ಕುಷ್ಟಗಿಗಳು ರಾಯಚೂರು ಜಿಲ್ಲೆಗೆ ಸೇರಿ ನಿಜಾಮ ಸರ್ಕಾರದ ನೇರ ಆಡಳಿತದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. 1884ರಿಂದ ಸಂಸ್ಥಾನದ ಆಡಳಿತ ಭಾಷೆ ಉರ್ದು. ಕಚೇರಿಯಲ್ಲಿ ಅರ್ಜಿ, ತಹಸೀಲಿನಲ್ಲಿ ಪಹಣಿ, ಕೋರ್ಟಿನಲ್ಲಿ ವಾದ ಎಲ್ಲವೂ ಉರ್ದುವಿನಲ್ಲಿ. ಕನ್ನಡ ಮಾತಾಡುವ ರೈತನಿಗೆ ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬನ ನೆರವು ಬೇಕಿತ್ತು. 1941ರ ಜನಗಣತಿಯ ಹೊತ್ತಿಗೂ ಇಡೀ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಖಾಸಗಿಯಾಗಿ ಶಾಲೆ ತೆರೆಯಬೇಕೆಂದರೆ ಸರ್ಕಾರದ ಪರವಾನಗಿ ಬೇಕು. ಇಂಥ ಕಾಲದಲ್ಲಿಯೇ 1922ರಲ್ಲಿ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ಹುಟ್ಟಿತು. ಅದೇ ಸುಮಾರಿಗೆ ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ ನಡೆಯುತ್ತಿತ್ತು. ಕನ್ನಡದ ಹುಡುಗರಿಗೆ ಇವು ದೊಡ್ಡ ಆಸರೆಯಾಗಿದ್ದವು. ಆದರೆ ಶಾಲೆ ಮುಗಿದ ಮೇಲೆ ಮತ್ತೆ ಅದೇ ರೈಲು ನಿಲ್ದಾಣ.

ಹೈದರಾಬಾದಿನ ದಾರಿಯನ್ನು ಹಗುರಾಗಿ ಕಾಣುವುದು ತಪ್ಪು. 1917ರ ಫರ್ಮಾನಿನಿಂದ ರೂಪುಗೊಂಡು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆ ಕಾಲಕ್ಕೆ ಒಂದು ಸಾಹಸವೇ ಸರಿ. ದೇಶದ ಉಳಿದ ವಿಶ್ವವಿದ್ಯಾಲಯಗಳೆಲ್ಲ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದಾಗ ಇದು ಇತಿಹಾಸ, ಭೌತಶಾಸ್ತ್ರ, ಕಾನೂನು, ವೈದ್ಯವನ್ನು ಭಾರತದ್ದೇ ಒಂದು ಭಾಷೆಯಲ್ಲಿ ಕಲಿಸಲು ಹೊರಟಿತು. ಅದಕ್ಕಾಗಿ ದಾರುಲ್ ತರ್ಜುಮಾ ಎಂಬ ಭಾಷಾಂತರ ಸಂಸ್ಥೆಯೇ ಎದ್ದು ನಿಂತು ಪಠ್ಯಗಳನ್ನು ಉರ್ದುವಿಗೆ ತಂದಿತು. ಆದರೆ ಆ ಭಾಷೆ ಯಲಬುರ್ಗಾದ ಹುಡುಗನ ಮನೆಯದಲ್ಲ. ಅವನಿಗೆ ಇಂಗ್ಲಿಷ್ ಹೇಗೋ ಪುಸ್ತಕದ ಉರ್ದುವೂ ಹಾಗೆಯೇ ಹೊರಗಿನದು. ಕನ್ನಡವನ್ನು ಅಲ್ಲಿ ಒಂದು ವಿಷಯವಾಗಿ ಓದಬಹುದಿತ್ತು, ಡಿ.ಕೆ. ಭೀಮಸೇನರಾಯರಂಥ ಪ್ರಾಧ್ಯಾಪಕರು ಅದನ್ನು ಬೆಳೆಸಿದರು. ಉಳಿದೆಲ್ಲ ಪಾಠ ಉರ್ದುವಿನಲ್ಲಿ.

ಆ ದಾರಿಗೆ ಒಂದು ಲಾಭವಿತ್ತು. ಸಂಸ್ಥಾನದ ನೌಕರಿಗಳು ಮುಲ್ಕಿಗಳಿಗೆ, ಅಂದರೆ ನಾಡಿನವರಿಗೆ ಮೀಸಲು. ಉಸ್ಮಾನಿಯಾದ ಪದವಿ ಕೈಯಲ್ಲಿದ್ದ ಮುಲ್ಕಿಗೆ ಸರ್ಕಾರದ ಬಾಗಿಲು ತೆರೆದಿತ್ತು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ, ಅಂದರೆ ಆ ವಿಶ್ವವಿದ್ಯಾಲಯ ಹುಟ್ಟಿದ ವರ್ಷದಲ್ಲಿಯೇ ಹುಟ್ಟಿದ ಸಿದ್ಧಯ್ಯ ಪುರಾಣಿಕರು ನಡೆದದ್ದು ಇದೇ ದಾರಿ. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪುರಾಣ ಪಾಂಡಿತ್ಯದ ಮನೆತನದವರು. ಮಗ ಉಸ್ಮಾನಿಯಾದಲ್ಲಿ ಓದಿ ಸಂಸ್ಥಾನದ ಸಿವಿಲ್ ಸೇವೆ ಸೇರಿದರು, ಮುಂದೆ ಐ.ಎ.ಎಸ್. ಅಧಿಕಾರಿಯಾದರು, ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಕನ್ನಡದ ಕವಿಯಾಗಿ ನಿಂತರು. 1987ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಅವರೇ. ಉರ್ದುವಿನಲ್ಲಿ ಪದವಿ ಪಡೆದವರು ಕನ್ನಡ ಸಮ್ಮೇಳನದ ಪೀಠದಲ್ಲಿ ಕುಳಿತದ್ದನ್ನು ಈ ಸೀಮೆಯ ಹೊರಗಿನವರು ಬೆರಗಿನಿಂದ ಕಂಡಾರು. ಒಳಗಿನವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ಅವರ ಅಜ್ಜಂದಿರಲ್ಲಿ ಬಹುಮಂದಿ ಲೆಕ್ಕವನ್ನು ಉರ್ದುವಿನಲ್ಲಿ ಬರೆದು ಹಾಡನ್ನು ಕನ್ನಡದಲ್ಲಿ ಹಾಡಿದವರು.

ಇನ್ನೊಂದು ದಾರಿ ಧಾರವಾಡದ್ದು. ಅಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗಿತ್ತು. ಪಾಠ ಇಂಗ್ಲಿಷಿನಲ್ಲಿ, ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ್ದು. ಆದರೆ ಬೀದಿ ಕನ್ನಡದ್ದು, ಗೆಳೆಯರು ಕನ್ನಡದವರು. ದೂರವೂ ಕಡಿಮೆ: ಕೊಪ್ಪಳದಿಂದ ಗದಗ, ಹುಬ್ಬಳ್ಳಿ ದಾಟಿ ಧಾರವಾಡ ಸುಮಾರು 135 ಕಿಲೋಮೀಟರು, ಹೈದರಾಬಾದಿನ ದಾರಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಆದರೂ ಧಾರವಾಡ ಪರದೇಶ. ಸಂಸ್ಥಾನಕ್ಕೆ ತನ್ನದೇ ಅಂಚೆಚೀಟಿ, ತನ್ನದೇ ಸುಂಕ, ತನ್ನದೇ ಪಂಚಾಂಗ. ಶಾಲೆಯ ದಾಖಲೆಯಲ್ಲಿ ಬರೆಯುವ ವರ್ಷ ಫಸಲಿ; ಇಂಗ್ಲಿಷರ 1938 ಮುಗಿಯುವಾಗ ಅಲ್ಲಿ 1348. ಗಡಿಯಲ್ಲಿ ಸುಂಕ ವಸೂಲಿಯ ಕರೋಡಗಿರಿ ನಾಕಾ. ಸಾಮಾನಿನೊಂದಿಗೆ ಒಳಬರುವವರು ಅಲ್ಲಿ ಗಂಟು ಬಿಚ್ಚಿ ತೋರಿಸಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ತೊಡಕಾಗಿದ್ದುದು ಹಣ. ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಧಾರವಾಡದಲ್ಲಿ ನಡೆಯುವುದು ಇಂಗ್ಲಿಷ್ ಸರ್ಕಾರದ ರೂಪಾಯಿ. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಇಂಗ್ಲಿಷ್ ರೂಪಾಯಿ ಎಂಬುದು ಸಾಮಾನ್ಯ ದರ. ಧಾರವಾಡದಲ್ಲಿ ತಿಂಗಳಿಗೆ 10 ರೂಪಾಯಿ ಖರ್ಚಾಗುವುದೆಂದರೆ ಕುಷ್ಟಗಿಯ ತಂದೆ 11 ರೂಪಾಯಿ 10 ಆಣೆ 8 ಪೈ ಜೋಡಿಸಬೇಕು. ಇಂದು ಡಾಲರಿನ ದರ ನೋಡಿ ಎದೆ ಒಡೆದುಕೊಳ್ಳುವ ತಂದೆತಾಯಿಯರಂತೆ ಜೋಳ ಮಾರಿ ಬಂದ ರೈತನೂ ಸರಾಫನ ಅಂಗಡಿಯಲ್ಲಿ ಬಟ್ಟಾ ಲೆಕ್ಕ ಹಾಕಿಸುತ್ತಿದ್ದ.

ಹಾಗಿದ್ದೂ ಬಡವರ ಮಕ್ಕಳು ಧಾರವಾಡದಲ್ಲಿ ಓದಿದರು. ಹೇಗೆ ಎಂಬುದಕ್ಕೆ ಉತ್ತರ ಕಾಲೇಜಿನ ದಾಖಲೆಗಿಂತ ಹೆಚ್ಚಾಗಿ ಊರಿನ ಅಡುಗೆಮನೆಗಳಲ್ಲಿದೆ. ಆ ಕಾಲದ ವಿದ್ಯಾರ್ಥಿಗೆ ಕಾಲೇಜಿನ ಶುಲ್ಕದಷ್ಟೇ ಭಾರವಾದದ್ದು ಎರಡು ಹೊತ್ತಿನ ಊಟ. ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ಇತ್ತು: ಸೋಮವಾರ ವಕೀಲರ ಮನೆ, ಮಂಗಳವಾರ ಮಾಸ್ತರರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಒಂದು ವಾರ ತಪ್ಪಿದರೆ ಆ ದಿನ ಉಪವಾಸ, ಇಲ್ಲವೇ ಊರಿಂದ ತಂದ ಬುತ್ತಿಯ ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಲಿಂಗಾಯತ ಹುಡುಗರಿಗೆ ಮಠಗಳ ಪ್ರಸಾದನಿಲಯಗಳು ಆಧಾರವಾದವು. ಅವುಗಳಲ್ಲಿ ಧಾರವಾಡದ ಮುರುಘಾಮಠದ್ದು ದೊಡ್ಡ ಹೆಸರು. ಅಲ್ಲಿನ ಮೃತ್ಯುಂಜಯ ಸ್ವಾಮಿಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ ಕಾಳುಕಡಿ ಕೂಡಿಸಿ ಹುಡುಗರ ಹೊಟ್ಟೆ ತುಂಬಿಸಿದರು. ಭಕ್ತ ಕೊಟ್ಟ ಒಂದು ಪಡಿ ಜೋಳ ಹೀಗೆ ಇನ್ನೊಬ್ಬರ ಮಗನ ಬಿ.ಎ. ಪದವಿಗೆ ಸಂದಾಯವಾಗುತ್ತಿತ್ತು.

ಈ ಏರ್ಪಾಟಿಗೆ ಮಿತಿಗಳೂ ಇದ್ದವು. ಜಾತಿ ನೋಡಿ ಎಲೆ ಹಾಕುವ ಮನೆಗಳಲ್ಲಿ ದಲಿತರ ಹುಡುಗನಿಗೆ ವಾರಾನ್ನ ಸಿಗುವಂತಿರಲಿಲ್ಲ. ಹುಡುಗಿಯರಿಗಂತೂ ಮನೆ ಬಿಟ್ಟು ಪರಸೀಮೆಯಲ್ಲಿ ಉಳಿದು ಓದುವ ಮಾತೇ ಅಪರೂಪ. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮ ಪಾಟೀಲ ದಂಪತಿ ಹರಿಜನ ಬಾಲಿಕಾಶ್ರಮ ನಡೆಸಿದ್ದು ಆ ಕಾಲಕ್ಕೆ ಒಂಟಿ ದೀಪದಂತಿತ್ತು.

ಗಡಿ ದಾಟಿ ಅಗ್ಗದ ಓದನ್ನು ಅರಸುವ ಈ ಕಷ್ಟ ಕೊಪ್ಪಳ ಸೀಮೆಯೊಂದರದೇ ಆಗಿರಲಿಲ್ಲ. ಉಸ್ಮಾನಿಯಾ ಹುಟ್ಟಿದ 1918ರಲ್ಲಿಯೇ ನೇಪಾಳದ ರಾಣಾ ದೊರೆಗಳು ಕಠ್ಮಂಡುವಿನಲ್ಲಿ ತ್ರಿಚಂದ್ರ ಕಾಲೇಜು ತೆರೆದರು. ಅದು ಆ ದೇಶದ ಮೊದಲ ಕಾಲೇಜು. ಪದವಿ ಕೊಡುವ ಅಧಿಕಾರ ಅದಕ್ಕಿರಲಿಲ್ಲ. ಮೊದಲು ಕಲಕತ್ತೆಯ, ಬಳಿಕ ಪಟ್ನಾದ ವಿಶ್ವವಿದ್ಯಾಲಯಗಳಿಗೆ ಅದು ಸೇರಿಕೊಂಡಿತ್ತು. ನೇಪಾಳಕ್ಕೆ ತನ್ನದೆಂಬ ತ್ರಿಭುವನ್ ವಿಶ್ವವಿದ್ಯಾಲಯ ದೊರೆತದ್ದು 1959ರಲ್ಲಿ. ಅಲ್ಲಿಯವರೆಗೆ ಓದುವ ಹಂಬಲದವರು ಬೆಟ್ಟ ಇಳಿದು ಬನಾರಸಿಗೆ, ಪಟ್ನಾಕ್ಕೆ ಬಂದರು. ಕಾಶಿಯಲ್ಲಿ ಅನ್ನಛತ್ರಗಳಿದ್ದವು, ನೇಪಾಳಿಗರ ನೆಲೆಗಳಿದ್ದವು, ಖರ್ಚು ಕಡಿಮೆ. ಮುಂದೆ ನೇಪಾಳದ ಪ್ರಧಾನಿಯಾದ ಬಿ.ಪಿ. ಕೊಯಿರಾಲಾ ಓದಿದ್ದು ಬನಾರಸಿನಲ್ಲಿಯೇ. ಹೊರಗೆ ಓದಲು ಹೋದವರು ಪದವಿಯ ಜತೆಗೆ ರಾಜಕೀಯವನ್ನೂ ಕಲಿತು ಮರಳುತ್ತಾರೆಂಬ ಅಂಜಿಕೆ ರಾಣಾಗಳಿಗೆ ಇತ್ತು. ಅದು ಸುಳ್ಳಾಗಲಿಲ್ಲ.

ನಿಜಾಮರ ಸೀಮೆಯಲ್ಲಿಯೂ ಹಾಗೆಯೇ ಆಯಿತು, ಅದೂ ರಾಜಧಾನಿಯೊಳಗೇ. 1938ರ ಕೊನೆಯಲ್ಲಿ ಉಸ್ಮಾನಿಯಾದ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಕೂಡದೆಂಬ ಆಜ್ಞೆ ಬಂತು. ವಿದ್ಯಾರ್ಥಿಗಳು ಒಪ್ಪಲಿಲ್ಲ. ಮುಷ್ಕರ ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಸರ್ಕಾರ ನೂರಾರು ಹುಡುಗರನ್ನು ಹೊರಹಾಕಿತು. ಸಂಸ್ಥಾನದೊಳಗೆ ಅವರಿಗೆ ಬೇರೆ ಕಾಲೇಜಿಲ್ಲ. ಆಗ ನಾಗಪುರ ವಿಶ್ವವಿದ್ಯಾಲಯದ ಕುಲಪತಿ ಟಿ.ಜೆ. ಕೇದಾರರು ಆ ಹುಡುಗರಿಗೆ ಬಾಗಿಲು ತೆರೆದರು. ಕನ್ನಡ, ತೆಲುಗು, ಮರಾಠಿ ಮಾತಾಡುವ ಹುಡುಗರು ಹಾಸಿಗೆ ಸುತ್ತಿಕೊಂಡು ನಾಗಪುರದ ಗಾಡಿ ಹತ್ತಿದರು. ಹೀಗೆ ಹೋದವರಲ್ಲಿ ಮುಂದೆ ದೇಶದ ಪ್ರಧಾನಿಯಾದ ಪಿ.ವಿ. ನರಸಿಂಹರಾಯರೂ ಒಬ್ಬರು. ಉರ್ದುವಿನಲ್ಲಿ ಅರ್ಧ ಓದಿದ್ದನ್ನು ಬಿಟ್ಟು ಇಂಗ್ಲಿಷಿನಲ್ಲಿ ಮತ್ತೆ ಮೊದಲಿಂದ ಕೂರುವುದು ಎಂಥ ಕಷ್ಟ ಎಂಬುದನ್ನು ಆ ತಲೆಮಾರೇ ಬಲ್ಲದು.

ಒಂಬತ್ತು ವರ್ಷದ ಬಳಿಕ ಗಡಿಯ ಅರ್ಥವೇ ಬದಲಾಯಿತು. 1947ರ ಆಗಸ್ಟಿನಲ್ಲಿ ಗದಗಿನಲ್ಲಿ ತ್ರಿವರ್ಣ ಧ್ವಜ ಏರಿತು; ಕೊಪ್ಪಳದಲ್ಲಿ ಏರುವಂತಿರಲಿಲ್ಲ. ರಜಾಕಾರರ ಹಾವಳಿಗೆ ಹೆದರಿ ಜನ ಗಡಿ ದಾಟಿದರು. ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಹೋರಾಟದ ಶಿಬಿರಗಳು ತೆರೆದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ನಾಯಕರು. 1952ರಲ್ಲಿ ಅವರು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಹೋದರು. ಓದಲೆಂದು ದಾಟಿದ್ದ ಗಡಿಯನ್ನು ಈಗ ಹುಡುಗರು ಹೋರಾಟಕ್ಕೆಂದು ದಾಟಿದರು. ತರಗತಿ ಬಿಟ್ಟವರಲ್ಲಿ ಎಲ್ಲರೂ ಮರಳಿ ತರಗತಿಗೆ ಹೋಗಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ನಿಜಾಮರ ಆಳಿಕೆ ಮುಗಿಯಿತು. ಮರುವರ್ಷ ಜಹಗೀರುಗಳೂ ರದ್ದಾದವು.

1956ರ ರಾಜ್ಯ ಪುನರ್ವಿಂಗಡಣೆಯ ಹೊತ್ತಿಗೆ ಧಾರವಾಡ ಪರದೇಶವಾಗಿ ಉಳಿಯಲಿಲ್ಲ. ಅಲ್ಲಿ 1950ರಿಂದ ಕರ್ನಾಟಕ ವಿಶ್ವವಿದ್ಯಾಲಯವಿತ್ತು. ಕೊಪ್ಪಳದಲ್ಲಿ 1963ರಲ್ಲಿ ಗವಿಮಠದ ಮರಿಶಾಂತವೀರ ಸ್ವಾಮಿಗಳ ಶ್ರಮದಿಂದ ಕಾಲೇಜು ಬಂತು. ಗಂಗಾವತಿಯ ಕಥೆ ಬೇರೆ. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಭತ್ತ ಬೆಳೆದರು. ಅಲ್ಲಿನ ಸರ್ಕಾರಿ ಪದವಿ ಕಾಲೇಜು ಇಂದಿಗೂ ಕೊಲ್ಲಿ ನಾಗೇಶ್ವರರಾವ್ ಗಂಗಯ್ಯ ಸ್ಮಾರಕ ಎಂಬ ಹೆಸರನ್ನೇ ಹೊತ್ತಿದೆ. ಕಾಲುವೆಯ ನೀರು ಏರದ ಕುಷ್ಟಗಿ, ಯಲಬುರ್ಗಾಗಳ ಒಣ ಹಳ್ಳಿಗಳಿಂದ ಮಾತ್ರ ಜನ ಗುಳೆ ಹೊರಡುವುದು ನಿಲ್ಲಲಿಲ್ಲ. ಅಪ್ಪ ಅವ್ವ ಗೋವೆಗೋ ಮಂಗಳೂರಿಗೋ ದುಡಿಯಲು ಹೋದ ಮನೆಯಲ್ಲಿ ಮಗ ಎಲ್ಲಿದ್ದು ಓದಬೇಕು ಎಂಬುದು ಹಳೆಯ ಪ್ರಶ್ನೆಯ ಹೊಸ ರೂಪ.

ವಿಶ್ವವಿದ್ಯಾಲಯ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬಳ್ಳಾರಿ. 371ಜೆ ವಿಧಿ ಬಂದ ಮೇಲೆ ಈ ಸೀಮೆಯ ಹುಡುಗರಿಗೆ ಸೀಟು, ನೌಕರಿಗಳಲ್ಲಿ ಮೀಸಲು ದೊರೆಯಿತು. ಹಳೆಯ ಮುಲ್ಕಿ ನಿಯಮವನ್ನು ಬಲ್ಲವರಿಗೆ ಅದು ತೀರ ಅಪರಿಚಿತವಾಗಿ ಕಂಡಿರಲಾರದು. 2023ರಲ್ಲಿ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೇ ಆರಂಭವಾಯಿತು. ಗುರುಕುಲದ ಕುಕನೂರೂ ಪುರಾಣಿಕರ ದ್ಯಾಂಪುರವೂ ಇರುವುದು ಈ ತಾಲ್ಲೂಕಿನಲ್ಲಿಯೇ. ಎರಡೇ ವರ್ಷದಲ್ಲಿ, 2025ರಲ್ಲಿ, ಹೊಸದಾಗಿ ತೆರೆದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಹಣದ ಕೊರತೆಯ ಕಾರಣಕ್ಕೆ ಮುಚ್ಚುವ ಮಾತು ಎದ್ದಾಗ ಆ ಪಟ್ಟಿಯಲ್ಲಿ ಕೊಪ್ಪಳದ ಹೆಸರೂ ಇತ್ತು.

ಪರದೇಶದ ಅಗ್ಗದ ಓದು ಎಂಥ ಬೆಲೆ ಕೇಳಬಹುದೆಂಬುದನ್ನು ಉತ್ತರ ಕರ್ನಾಟಕ ಕಂಡದ್ದು 2022ರ ಮಾರ್ಚ್ 1ರಂದು. ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯ ವಿದ್ಯಾರ್ಥಿಯೊಬ್ಬ ಅಂದು ಯುಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ. ಇಲ್ಲಿ ಖಾಸಗಿ ಕಾಲೇಜಿನ ಸೀಟಿಗೆ ಹಣ ಹೊಂದದೆ ಅಲ್ಲಿಗೆ ಹೋದವರು ನೂರಾರು ಮಂದಿ ಇದ್ದರೆಂಬುದು ನಾಡಿಗೆಲ್ಲ ತಿಳಿದದ್ದು ಆಗಲೇ.

ಅದೇ ವರ್ಷದ ಜೂನಿನಲ್ಲಿ ಕೊಪ್ಪಳದ ಗವಿಮಠದಲ್ಲಿ ಇನ್ನೊಂದು ದೃಶ್ಯ. ಉಚಿತ ಪ್ರಸಾದನಿಲಯಕ್ಕೆ ಸೇರಿಸಿಕೊಳ್ಳಿರೆಂದು ಮಕ್ಕಳನ್ನು ಕರೆತಂದ ತಂದೆತಾಯಿಯರ ಸಂಖ್ಯೆ ಜಾಗವನ್ನು ಮೀರಿತ್ತು. ಐದು ಸಾವಿರ ವಿದ್ಯಾರ್ಥಿಗಳಿಗೆ ಹೊಸ ವಸತಿನಿಲಯ ಕಟ್ಟುವ ಮಾತಾಡುತ್ತ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಭಕ್ತರ ಮುಂದೆ ಕಣ್ಣೀರಿಟ್ಟರು. ಮರುದಿನಗಳಲ್ಲಿ ಮಠಕ್ಕೆ ಹಣವೂ ಬಂತು, ದವಸವೂ ಬಂತು.